ಕಮಟು, ಮುಗ್ಗಲು, ಸೊಗಡು

ಪುಣೆಯ ಕೋಥರೂಡಿನ ಆ ಮನೆಯಲ್ಲಿ ಶನಿವಾರ ಸಂಜೆ ಆರರಿಂದ ಏಳರವರೆಗೆ ಒಗ್ಗರಣೆ ಹಾಕುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ಒಂದು ಚಿಟಿಕೆ ಇಂಗು ಕಾದ ಎಣ್ಣೆಗೆ ಬಿದ್ದರೆ ಸಾಕು, ಮುಂದಿನ ಅರ್ಧ ಗಂಟೆ ಮೂಗು ಬೇರೆ ಯಾವುದಕ್ಕೂ ಕಿವಿಗೊಡುವುದಿಲ್ಲ ಎಂಬುದು ಅವನ ದೂರು. ಹೆಂಡತಿ ಈ ನಿಯಮವನ್ನು ಒಪ್ಪಿಕೊಂಡಿದ್ದಾಳೆ. ಶನಿವಾರ ಅಡುಗೆ ತಡವಾಗುತ್ತದೆ, ಅಥವಾ ಮಧ್ಯಾಹ್ನವೇ ಮುಗಿದಿರುತ್ತದೆ. ಆರು ಗಂಟೆಗೆ ಅವನು ಊಟದ ಮೇಜು ಒರೆಸಿ, ಬಿಳಿ ಕಾಗದ ಹಾಸಿ, ಅದರ ಮೇಲೆ ಹೊಟ್ಟೆ ಉಬ್ಬಿ ಕುತ್ತಿಗೆ ಸಣ್ಣಗಾದ ಒಂದು ಗಾಜಿನ ಲೋಟ, ಒಂದು ಚೊಂಬು ನೀರು, ಒಂದು ಬಟ್ಟಲು ಒಣ ಮಂಡಕ್ಕಿ, ಒಂದು ಉದ್ದನೆಯ ನೋಟುಬುಕ್ಕು ಇಟ್ಟುಕೊಳ್ಳುತ್ತಾನೆ. ಫ್ರಿಜ್ಜಿನಿಂದ ಕಾಲು ಗಂಟೆ ಮುಂಚೆಯೇ ಹೊರಗೆ ತೆಗೆದಿಟ್ಟ ಬಿಯರ್ ಬಾಟಲಿಯನ್ನು ಆಮೇಲೆ ತೆರೆಯುತ್ತಾನೆ.

ತಿಪಟೂರಿನ ಹತ್ತಿರದ ಹಳ್ಳಿಯವನು. ವಯಸ್ಸು ನಲವತ್ತೊಂದು. ಚಾಕಣದ ಕಡೆ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ಅಲ್ಲಿ ದಿನವಿಡೀ ಮಾಡುವುದೂ ಇದನ್ನೇ: ಅಳೆಯುವುದು, ಗೆರೆ ಎಳೆದ ಫಾರಮ್ಮಿನಲ್ಲಿ ಬರೆಯುವುದು, ಸಹಿ ಹಾಕುವುದು. ಬಿಯರಿಗೂ ಇಂಥ ಫಾರಂ ಇದೆ ಎಂದು ಗೊತ್ತಾದ ದಿನ ಅವನಿಗೆ ಆದ ಸಂತೋಷವನ್ನು ಹೆಂಡತಿ ಈಗಲೂ ಹೇಳಿ ನಗುತ್ತಾಳೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆಯೊಂದು ಒಟ್ಟು 50 ಅಂಕಗಳ ಹಾಳೆಯೊಂದನ್ನು ಮಾಡಿದೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅದು ಕೂರುವ ಬಗೆಗೆ 5, ಒಟ್ಟು ಅಭಿಪ್ರಾಯಕ್ಕೆ 10. ನೊರೆ ಎಷ್ಟು ಚೆಂದ, ಬಣ್ಣ ಎಷ್ಟು ತಿಳಿ ಎನ್ನುವುದಕ್ಕೆಲ್ಲ ಮೂರೇ ಅಂಕ. ಮೂಗಿಗೆ ಅದರ ನಾಲ್ಕು ಪಟ್ಟು. ಅವನಿಗೆ ಈ ಲೆಕ್ಕ ಬಹಳ ಹಿಡಿಸಿತು.

ಪುಣೆ ಈ ಹವ್ಯಾಸಕ್ಕೆ ತಕ್ಕ ಊರೇ. 2009ರಲ್ಲಿ ಇಲ್ಲಿ 'ಡೂಲಾಲಿ' ಎಂಬ ಸಣ್ಣ ಬಿಯರ್ ಭಟ್ಟಿ ತೆರೆಯಿತು. ಮರುವರ್ಷ ಬೆಂಗಳೂರಿನಲ್ಲಿ 'ಟಾಯ್ಟ್' ಬಂತು. ಡೂಲಾಲಿ ಎಂಬುದು ನಾಶಿಕದ ಹತ್ತಿರದ ದೇವಲಾಲಿಯ ಇಂಗ್ಲಿಷ್ ಸೈನಿಕರ ಉಚ್ಚಾರ. ಊರಿಗೆ ಮರಳುವ ಹಡಗಿಗಾಗಿ ಅಲ್ಲಿನ ಶಿಬಿರದಲ್ಲಿ ತಿಂಗಳುಗಟ್ಟಲೆ ಕಾದು, ಬಿಸಿಲಿಗೆ, ಬೇಸರಕ್ಕೆ ತಲೆ ಕೆಟ್ಟವರನ್ನು 'ಡೂಲಾಲಿ ಟ್ಯಾಪ್' ಹಿಡಿದವನು ಎನ್ನುತ್ತಿದ್ದರಂತೆ. ಆ ಟ್ಯಾಪ್ ನಲ್ಲಿಯಲ್ಲ, ಜ್ವರ. ನಮ್ಮ ತಾಪದ ನೆಂಟ. ಒಂದು ಕಾಲದ ಹುಚ್ಚಿನ ಹೆಸರು ಈಗ ಬಿಯರಿನ ಹೆಸರಾಗಿ ಪುಣೆಯವರ ಬಾಯಲ್ಲಿ ಉಳಿದಿದೆ. ಮೊದಲು ಅವನೂ ಗೆಳೆಯರೊಡನೆ ಅಂಥ ಜಾಗಗಳಿಗೆ ಹೋಗುತ್ತಿದ್ದ. ಆದರೆ ಅಲ್ಲಿನ ಹಾಡಿನ ಗದ್ದಲದಲ್ಲಿ, ಕರಿದ ತಿಂಡಿಯ ವಾಸನೆಯಲ್ಲಿ ಲೋಟದೊಳಗೆ ಏನಿದೆ ಎಂದು ತಿಳಿಯುವುದು ಕಷ್ಟ. ಮನೆಯಲ್ಲೇ ಕೂತು ನೋಡೋಣ ಎಂದು ಇಬ್ಬರು ಗೆಳೆಯರ ಜೊತೆ ತಿಂಗಳಿಗೆರಡು ಶನಿವಾರ ಕೂರತೊಡಗಿದ. ಒಂದು ಬಾಟಲಿ, ಮೂರು ಲೋಟ. ಆಮೇಲೆ ಲಾಕ್‌ಡೌನ್ ಬಂತು. ಗೆಳೆಯರು ಬರುವುದು ನಿಂತಿತು. ನೋಟುಬುಕ್ಕು ನಿಲ್ಲಲಿಲ್ಲ.

ನೋಟುಬುಕ್ಕಿನ ಮೊದಲ ವರ್ಷಗಳೆಲ್ಲ ಇಂಗ್ಲಿಷಿನಲ್ಲಿವೆ. ಬಿಯರ್ ಬಗ್ಗೆ ಹೀಗೆ ಬರೆಯಬಹುದು ಎಂದು ಲೋಕಕ್ಕೆ ತೋರಿಸಿದ್ದೇ ಒಬ್ಬ ಇಂಗ್ಲಿಷ್ ಪತ್ರಕರ್ತ. ಹೆಸರು ಮೈಕಲ್ ಜಾಕ್ಸನ್, ಹಾಡುಗಾರನಲ್ಲ, ಯಾರ್ಕ್‌ಶೈರಿನವನು. 1977ರಲ್ಲಿ ಅವನು ಬರೆದ 'ದಿ ವರ್ಲ್ಡ್ ಗೈಡ್ ಟು ಬಿಯರ್' ಬರುವವರೆಗೆ ವೈನಿಗೆ ಮಾತ್ರ ಮೀಸಲಿದ್ದ ಗೌರವದ ಭಾಷೆ ಬಿಯರಿಗೂ ದಕ್ಕಿತು. ಅದೇ ದಶಕದಲ್ಲಿ ಡೆನ್ಮಾರ್ಕ್ ಮೂಲದ ಮಾರ್ಟನ್ ಮೀಲ್‌ಗಾರ್ಡ್ ಎಂಬ ವಿಜ್ಞಾನಿ ಬಿಯರಿನಲ್ಲಿ ಸಿಗುವ ನೂರಕ್ಕೂ ಹೆಚ್ಚು ರುಚಿ, ವಾಸನೆಗಳನ್ನು ಹೆಸರಿಸಿ ಒಂದು ಚಕ್ರದಲ್ಲಿ ಜೋಡಿಸಿದ. ಆ ಚಕ್ರದ ಪ್ರತಿಯೊಂದನ್ನು ಅವನೂ ಮುದ್ರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದ. ಅದನ್ನು ನೋಡಿ ನೋಡಿ ಬರೆಯುತ್ತಿದ್ದ: ಬಿಸ್ಕತ್ತು, ಆಗತಾನೆ ಕೊಯ್ದ ಹುಲ್ಲು, ಏಪ್ರಿಕಾಟ್, ಪೈನ್ ಮರದ ಅಂಟು, ಸ್ಕಂಕ್.

ತೊಂದರೆ ಏನೆಂದರೆ, ಏಪ್ರಿಕಾಟ್ ಎಂದು ಬರೆದ ದಿನದವರೆಗೆ ಅವನು ಹಸಿ ಏಪ್ರಿಕಾಟನ್ನು ತಿಂದೇ ಇರಲಿಲ್ಲ. ಪೈನ್ ಮರವನ್ನು ಊಟಿಯ ಪ್ರವಾಸದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದ್ದ. ಸ್ಕಂಕ್ ಅಮೆರಿಕದ ಪ್ರಾಣಿ. ಹೆದರಿದಾಗ ಹಿಂದಿನಿಂದ ದುರ್ನಾತದ ದ್ರವ ಚಿಮ್ಮಿಸುತ್ತದೆ. ಹಸಿರು ಬಾಟಲಿಯ ಬಿಯರಿಗೆ ಬಿಸಿಲು ಬಿದ್ದರೆ ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಅದರ ವಾಸನೆ ಆ ಪ್ರಾಣಿಯ ನಾತದಂತಿರುವುದರಿಂದ ಕೆಟ್ಟ ಬಿಯರಿಗೆ ಆ ಹೆಸರು. ಕಂದು ಬಾಟಲಿ ಬಳಸುವುದು ಇದನ್ನು ತಡೆಯುವುದಕ್ಕೇ. ವಿಷಯ ಸರಿಯಾಗಿಯೇ ಗೊತ್ತಿತ್ತು. ಆದರೆ ಆ ಪ್ರಾಣಿಯ ವಾಸನೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅಳೆಯದೆ ಅಂಕಿ ತುಂಬುವವರನ್ನು ಅವನು ಎಂದೂ ಕ್ಷಮಿಸಿದವನಲ್ಲ. ಮನೆಯಲ್ಲಿ ತಾನೂ ಅದನ್ನೇ ಮಾಡುತ್ತಿದ್ದ.

ತಾಯಿ ಪುಣೆಗೆ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು, ಸೆಪ್ಟೆಂಬರಿನಲ್ಲಿ. ಮೊದಲು ಬಲಗಣ್ಣು, ಒಂದು ತಿಂಗಳು ಬಿಟ್ಟು ಎಡಗಣ್ಣು. ಒಲೆಯ ಮುಂದೆ ನಿಲ್ಲಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅರವತ್ತೆಂಟು ವರ್ಷ ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು. ಒಂದು ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಹಾಕಿಕೊಂಡು ಹಾಲಿನ ದಿವಾನದ ಮೇಲೆ ಕೂತಿರುತ್ತಿದ್ದರು. ಅವರು ಇರುವಷ್ಟು ದಿನ ಬಾಟಲಿ ತರುವುದು ಬೇಡ ಎಂದು ಅವನು ತೀರ್ಮಾನಿಸಿದ್ದ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದ್ದ ಒಂದಿಷ್ಟನ್ನು ಹಳೆ ಪೇಪರಿನಲ್ಲಿ ಸುತ್ತಿ ಬೀರುವಿಗೆ ಸೇರಿಸಿದ್ದ. ಹೆಂಡತಿಗೆ ಇದು ಸರಿಬರಲಿಲ್ಲ. "ಅತ್ತೆಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀರಾ?" ಎಂದಳು. ಗೊತ್ತಾಗಲು ಆರು ದಿನ ಹಿಡಿಯಿತು.

"ಫ್ರಿಜ್ಜಿನ ಬಾಗ್ಲಿಗೆ ಅದೇನೋ ಚಕ್ರ ಅಂಟಿಸ್ಕಂಡಿದ್ಯಲ್ಲ, ಯಾವ ದೇವ್ರುದು?" ಎಂದು ಕೇಳಿದರು. ಅವನು ಸುಳ್ಳು ಹೇಳಲು ಬಾಯಿ ತೆರೆದವನು ನಿಜವನ್ನೇ ಹೇಳಿದ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೀರುನಲ್ಲಿ ಇಟ್ರೆ ಸೆಕೆಗೆ ಕೆಡಲ್ವಾ?" ಎಂದರು.

ಆ ಶನಿವಾರ ಮೇಜಿನ ಮೇಲೆ ಇದ್ದದ್ದು ಜರ್ಮನಿಯ ಬವೇರಿಯ ರೀತಿಯ ಗೋಧಿ ಬಿಯರು. ಮಂಜು ಮಂಜಾದ ಹಳದಿ, ದಪ್ಪ ನೊರೆ. ತಾಯಿ ದಿವಾನದಿಂದಲೇ ಕೇಳಿದರು: "ಬಾಳೆಗೊನೆ ತಂದಿಯಾ ಮಗಾ?" ಇಲ್ಲ ಎಂದ. "ಬಾಳೆಗೊನೆಗೆ ಹೊಗೆ ಹಾಕಿದ್ ಕೋಣೆ ಬಾಗ್ಲು ತೆಗ್ದಂಗೆ ಬರ್ತೈತೆ. ಜತೆಗೆ ಲವಂಗ." ಅವನು ಲೋಟ ಕೆಳಗಿಟ್ಟು ತಾಯಿಯನ್ನು ನೋಡಿದ. ಈ ಬಗೆಯ ಬಿಯರಿನ ಎರಡು ಗುರುತುಗಳೇ ಬಾಳೆಹಣ್ಣು ಮತ್ತು ಲವಂಗ. ಅದರಲ್ಲಿ ಎರಡೂ ಇರುವುದಿಲ್ಲ. ಬವೇರಿಯದ 1516ರ ಕಟ್ಟಳೆಯ ಪ್ರಕಾರ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ. ಗೋಧಿಗೆ ಆಮೇಲೆ ವಿನಾಯಿತಿ ಸಿಕ್ಕಿತು. ಆ ವಾಸನೆಗಳನ್ನು ಮಾಡುವುದು ಯೀಸ್ಟ್. ಬಾಳೆಹಣ್ಣಿನ ವಾಸನೆಗೆ ಕಾರಣವಾದ ಐಸೋಅಮೈಲ್ ಅಸಿಟೇಟ್ ಎಂಬ ಅಣುವನ್ನೇ ಈ ಯೀಸ್ಟ್ ಹುದುಗುವಾಗ ಹೊರಹಾಕುತ್ತದೆ. ಇದನ್ನು ಗುರುತಿಸಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಹತ್ತು ಅಡಿ ದೂರದಲ್ಲಿ, ಒಂದು ಕಣ್ಣು ಮುಚ್ಚಿಕೊಂಡು ಕೂತವರಿಗೆ ಒಂದು ನಿಮಿಷ ಬೇಕಾಗಲಿಲ್ಲ.

ಅಂದು ರಾತ್ರಿ ನೋಟುಬುಕ್ಕಿನಲ್ಲಿ ಮೊದಲ ಕನ್ನಡ ಸಾಲು ಬಿತ್ತು: 'ಬಾಳೆಗೊನೆಗೆ ಹೊಗೆ ಹಾಕಿದ ಕೋಣೆ.'

ಮುಂದಿನ ಶನಿವಾರಗಳಲ್ಲಿ ಅವನು ಲೋಟವನ್ನು ಮೊದಲು ತಾಯಿಯ ಹತ್ತಿರ ಒಯ್ಯುತ್ತಿದ್ದ. ಅವರು ಕುಡಿಯಲಿಲ್ಲ, ನಾಲಿಗೆಗೆ ಸೋಕಿಸಲೂ ಇಲ್ಲ. ಮೂಸಿ ನೋಡಿ ಹೇಳುತ್ತಿದ್ದರು. ಬಹಳ ದಿನ ಅಂಗಡಿಯ ಕಪಾಟಿನಲ್ಲಿ ಕೂತಿದ್ದ ಒಂದು ಬಿಯರಿಗೆ ಪುಸ್ತಕದ ಭಾಷೆಯಲ್ಲಿ 'ಒದ್ದೆ ರಟ್ಟು' ಎನ್ನುತ್ತಾರೆ. ಗಾಳಿ ತಾಗಿ ಕೆಟ್ಟದ್ದರ ಗುರುತು. ತಾಯಿ ಅದಕ್ಕೆ, "ಮುಗ್ಗಲು. ಟ್ರಂಕಿನ ತಳದಲ್ಲಿರೋ ಹಳೇ ಪಂಚಾಂಗ" ಎಂದರು. ಇನ್ನೊಂದಕ್ಕೆ, "ಇದು ಬೆಣ್ಣೆ. ಕಾಸದೆ ನಾಕು ದಿನ ಇಟ್ಟಿದ್ ಬೆಣ್ಣೆ" ಎಂದರು. ಡೈಅಸಿಟೈಲ್ ಎಂಬ ಅಂಶವದು. ಹೆಪ್ಪು ಹಾಕಿದ ಹಾಲಿನ ಬೆಣ್ಣೆಗೆ ಪರಿಮಳ ಕೊಡುವುದೂ ಅದೇ. ಬೆಣ್ಣೆಯಲ್ಲಿ ಗುಣ, ತಿಳಿ ಲಾಗರ್ ಬಿಯರಿನಲ್ಲಿ ದೋಷ. ಹುದುಗು ಮುಗಿಯುವ ಹೊತ್ತಿಗೆ ಕೆಲವು ದಿನ ಸ್ವಲ್ಪ ಬೆಚ್ಚಗಿಟ್ಟು ಕಾದರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಅವಸರದ ಭಟ್ಟಿಯವರು ಕಾಯುವುದಿಲ್ಲ. ಇದನ್ನು ವಿವರಿಸಿದಾಗ ತಾಯಿ, "ಮೊಸರು ಹುಳಿ ಬರೋಕೆ ಮುಂಚೆ ಕಡೆಯೋರು ಎಲ್ಲಾ ಕಡೆನೂ ಅವ್ರೆ ಅನ್ನು" ಎಂದು ಮುಗಿಸಿದರು. ಬಿಸಿಲು ತಾಗಿದ ಹಸಿರು ಬಾಟಲಿಯ ವಾಸನೆಗೆ ಅವರು ಕೊಟ್ಟ ಹೆಸರು ಸುಟ್ಟ ಬೆಳ್ಳುಳ್ಳಿ ಸಿಪ್ಪೆ. ಅಮೆರಿಕದ ಪ್ರಾಣಿಗೆ ಅಂದಿಗೆ ನೋಟುಬುಕ್ಕಿನಿಂದ ಬಿಡುಗಡೆಯಾಯಿತು.

ವಾಸನೆಗೆ ಭಾಷೆಯಲ್ಲಿ ಹೆಸರು ಕಡಿಮೆ ಎಂಬ ಮಾತು ಬಹಳ ಹಳೆಯದು. ಮಲಯ ಪರ್ಯಾಯದ್ವೀಪದ ಕಾಡುಗಳಲ್ಲಿರುವ ಜಹಾಯ್ ಜನರ ಬಗ್ಗೆ 2014ರಲ್ಲಿ ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹುಲ್ಟ್ ಎಂಬ ಭಾಷಾವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಬಣ್ಣಗಳನ್ನು ಹೆಸರಿಸುವಷ್ಟೇ ಸಲೀಸಾಗಿ ಜಹಾಯ್ ಜನ ವಾಸನೆಗಳನ್ನೂ ಹೆಸರಿಸಿದರು. ಇಂಗ್ಲಿಷ್ ಮಾತಾಡುವವರು ತಡವರಿಸಿದರು, 'ಇಂಥದ್ದರ ಹಾಗೆ' ಎಂದು ಸುತ್ತಿ ಬಳಸಿ ಹೇಳಿದರು. ಕನ್ನಡದಲ್ಲಿ ಎರಡೂ ಬಗೆ ಇವೆ. ಬಾಳೆಹಣ್ಣಿನ ವಾಸನೆ, ಲವಂಗದ ವಾಸನೆ ಎಂದಾಗ ನಾವೂ ವಸ್ತುವನ್ನೇ ತೋರಿಸುತ್ತೇವೆ. ಆದರೆ ಕಮಟು ಎಂಬುದು ಯಾವ ವಸ್ತುವಿನ ಹೆಸರೂ ಅಲ್ಲ. ಹಳೆ ಕೊಬ್ಬರಿ, ಕೆಟ್ಟ ಕಡಲೆಕಾಯಿ ಬೀಜ, ಬಾಣಲೆಯಲ್ಲಿ ಉಳಿದ ಎಣ್ಣೆ, ಈ ಎಲ್ಲದರಲ್ಲೂ ಇರುವ ಒಂದು ಗುಣಕ್ಕೆ ಆ ಹೆಸರು. ಮುಗ್ಗಲು, ಕಮರು, ಘಾಟು ಕೂಡ ಹೀಗೆಯೇ. ಇವುಗಳಲ್ಲಿ ಬಹುಪಾಲು ಅಡುಗೆಮನೆ, ಕಣಜ, ಅಟ್ಟಗಳಲ್ಲಿ ಓಡಾಡುವ ಮಾತುಗಳು. ಮನೆ ಬಿಟ್ಟು ಇಪ್ಪತ್ತು ವರ್ಷ ಮಹಾರಾಷ್ಟ್ರದಲ್ಲಿ ಇರುವವನ ಬಾಯಿಂದ ಮೊದಲು ಜಾರಿಹೋಗುವ ಮಾತುಗಳೂ ಇವೇ. ಮಕ್ಕಳೊಡನೆ ಅವನು ಕನ್ನಡವನ್ನೇ ಆಡುತ್ತಾನೆ. ಆದರೆ ಎಣ್ಣೆ ಕೆಟ್ಟರೆ 'ಸ್ಮೆಲ್ ಬರ್ತಿದೆ' ಎನ್ನುತ್ತಾನೆ.

ಮಾಲ್ಟ್ ಎಂದರೇನು ಎಂದು ತಾಯಿ ಒಮ್ಮೆ ಕೇಳಿದರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಉದ್ದವಾಗುವ ಮುಂಚೆ ಒಣಗಿಸಿ, ಬಿಸಿ ಕೊಟ್ಟು ನಿಲ್ಲಿಸುವುದು ಎಂದ. ಹೆಚ್ಚು ಹುರಿದರೆ ಕಪ್ಪು ಬಿಯರು, ಕಡಿಮೆ ಬಿಸಿಗೆ ತಿಳಿ ಬಿಯರು. "ಓ, ರಾಗಿ ಸರಿ" ಎಂದರು ತಾಯಿ. ಅವನಿಗೆ ಅದು ಹೊಳೆದೇ ಇರಲಿಲ್ಲ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟನ್ನೇ ಅಲ್ಲವೆ ಅವನೂ ಅವನ ಮಕ್ಕಳೂ ಹಲ್ಲು ಬರುವ ಮುಂಚೆ ತಿಂದದ್ದು. ಅಂಗಡಿಯಲ್ಲಿ ಅದರ ಡಬ್ಬಿಯ ಮೇಲೆ ರಾಗಿ ಮಾಲ್ಟ್ ಎಂದೇ ಬರೆದಿರುತ್ತದೆ. "ಮೊಳಕೆ ರಾಗಿ ಹಿಟ್ನಲ್ಲಿ ಮುದ್ದೆ ಆಗಲ್ಲ, ಗಂಜಿ ನೀರಾಯ್ತದೆ" ಎಂದು ಅವರು ಹೇಳಿದ್ದರ ಹಿಂದೆಯೂ ಬಿಯರಿನ ರಸಾಯನವೇ ಇದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಅದಕ್ಕೇ ಗಂಜಿ ತೆಳುವಾಗುತ್ತದೆ, ಮಗುವಿಗೆ ಹೆಚ್ಚು ಹಿಟ್ಟು ಉಣಿಸಬಹುದು. ಭಟ್ಟಿಯಲ್ಲಿ ಆ ಸಕ್ಕರೆಯನ್ನು ಯೀಸ್ಟಿಗೆ ಉಣಿಸುತ್ತಾರೆ.

ಅಕ್ಟೋಬರಿನಲ್ಲಿ ಅವನು ಒಂದು ಐಪಿಎ ತಂದ. ಇಂಡಿಯಾ ಪೇಲ್ ಏಲ್. ಬಾಟಲಿಯ ಮೇಲಿನ ಇಂಡಿಯಾ ಎಂಬುದನ್ನು ಪೊರೆ ತೆಗೆದ ಕಣ್ಣಿನಿಂದ ತಾಯಿ ಅಕ್ಷರ ಕೂಡಿಸಿ ಓದಿದರು. "ನಮ್ ದೇಶದ್ದಾ?" ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳಿಗೆ ಲಂಡನ್ನಿನಿಂದ, ಆಮೇಲೆ ಬರ್ಟನ್ ಎಂಬ ಊರಿನಿಂದ ಹಡಗಿನಲ್ಲಿ ಬರುತ್ತಿದ್ದ, ಹಾಪ್ಸ್ ಹೆಚ್ಚು ಹಾಕಿದ ಬಿಯರಿದು; ಹಾಪ್ಸ್ ಇದ್ದರೆ ಬೇಗ ಕೆಡುವುದಿಲ್ಲ. ಹೆಸರಿನಲ್ಲಿ ದೇಶವಿದೆ, ಲೋಟ ಮಾತ್ರ ಯಾರದೋ ಕೈಯಲ್ಲಿತ್ತು. ತಾಯಿ ಮೂಸಿದರು. ಹುಬ್ಬು ಗಂಟಿಕ್ಕಿ, "ಇದಕ್ಕೆ ಭಂಗಿ ಸೊಪ್ಪು ಹಾಕವ್ರೇನೋ?" ಎಂದರು. ಅವನು ನಕ್ಕುಬಿಟ್ಟ. ಸಸ್ಯಶಾಸ್ತ್ರದಲ್ಲಿ ಹಾಪ್ಸ್ ಮತ್ತು ಭಂಗಿ ಒಂದೇ ಕುಟುಂಬದವು. ತಾಯಿ ಮತ್ತೆ ಮೂಸಿದರು. "ಭಂಗಿ ಅಲ್ಲ. ಸೊಗಡು ಇದು. ಅವರೇಕಾಯಿ ಸೊಗಡಲ್ಲ, ಆದ್ರೆ ಆ ಜಾತೀದೇ."

ಪತ್ರಿಕೆಗಳಲ್ಲಿ 'ಗ್ರಾಮೀಣ ಸೊಗಡು', 'ಭಾಷೆಯ ಸೊಗಡು' ಎಂದು ಓದಿ ಓದಿ ಆ ಪದಕ್ಕೊಂದು ವಾಸನೆ ಇತ್ತೆಂಬುದೇ ಅವನಿಗೆ ಮರೆತಿತ್ತು. ಮಾಗಿಯ ಇಬ್ಬನಿ ಬಿದ್ದ ಅವರೆಕಾಯಿಯ ಸಿಪ್ಪೆಯ ಮೇಲೆ ಕೂಡುವ ಜಿಡ್ಡು, ಸುಲಿದ ಮೇಲೆ ಎರಡು ಸಲ ಕೈ ತೊಳೆದರೂ ಬೆರಳಿಗೆ ಅಂಟಿಕೊಂಡಿರುವ ಹಸಿರು ಘಮ, ಅದು ಸೊಗಡು. ಹಾಪ್ಸ್ ಕೂಡ ಹಾಗೆಯೇ. ಅದರ ಹೂವಿನ ಪಕಳೆಗಳ ಬುಡದಲ್ಲಿ ಹಳದಿ ಪುಡಿಯಂತಿರುವ ಗ್ರಂಥಿಗಳಲ್ಲಿ ಎಣ್ಣೆಯೂ ಅಂಟೂ ಇರುತ್ತದೆ. ಕೊಯ್ಯುವವರ ಕೈಗೆ ಮೆತ್ತಿಕೊಳ್ಳುತ್ತದೆ. ಒಣಗಿ ಹಳೆಯದಾದಷ್ಟೂ ಎಣ್ಣೆ ಹಾರಿಹೋಗುತ್ತದೆ, ಸೊಗಡಿಲ್ಲದ ಅವರೆಯಂತೆ. ಮೂರು ವರ್ಷದಿಂದ ಅವನು 'ರೆಸಿನಸ್' ಎಂದು ಬರೆಯುತ್ತಿದ್ದ ಜಾಗದಲ್ಲೆಲ್ಲ ಈ ಒಂದು ಪದ ಸರಿಯಾಗಿ ಕೂರುತ್ತಿತ್ತು. ಆ ರಾತ್ರಿ ಅವನು ಬಹಳ ಉಲ್ಲಾಸದಲ್ಲಿದ್ದ. ಇನ್ನೊಂದು ಐಪಿಎ ತೆಗೆದು ಹೋಲಿಸಿ ನೋಡಿದ. ಅದಕ್ಕೂ ಇದಕ್ಕೂ ನಡುವಿನದೊಂದನ್ನೂ ನೋಡಬೇಕೆನಿಸಿತು.

ಹಾಲಿನ ದೀಪ ಆರಿತ್ತು. ತಾಯಿ ಮಲಗಿದ್ದಾರೆಂದು ಅವನು ಅಡುಗೆಮನೆಯ ಬೆಳಕಿನಲ್ಲಿ ಬರೆಯುತ್ತಿದ್ದ. ಕತ್ತಲಿನಿಂದ ದನಿ ಬಂತು. "ಮೂರನೇದಾ?"

ಹೌದು ಎಂದ. ಚಿಕ್ಕ ಬಾಟಲಿ, ಬರೀ ರುಚಿ ನೋಡುವುದಕ್ಕೆ ಎಂದೂ ಸೇರಿಸಿದ.

"ನನ್ ಮೂಗು ಇದನ್ನೆಲ್ಲ ಎಲ್ಲಿ ಕಲೀತು ಅಂದ್ಕಂಡಿದ್ದೀಯ?" ಎಂದರು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವರ ತಮ್ಮ, ಅವನ ಸೋದರಮಾವ, ಜಮೀನು ಮಾರಿದ ಮೇಲೆ ಅಕ್ಕನ ಮನೆಯಲ್ಲೇ ಇದ್ದ. ಮಾವನೆಂದರೆ ಅವನಿಗೆ ನೆನಪಿರುವುದು ಅಂಗಿ ಜೇಬಿನ ಕಡಲೆಮಿಠಾಯಿ, ಸೈಕಲ್ಲಿನ ಮುಂದಿನ ಕಂಬಿಯ ಮೇಲಿನ ಸವಾರಿ. ರಾತ್ರಿಯ ಮಾವ ಅವನಿಗೆ ಗೊತ್ತಿಲ್ಲ; ಮಕ್ಕಳನ್ನು ಎಂಟು ಗಂಟೆಗೇ ಒಳಕೋಣೆಗೆ ಕಳಿಸಿಬಿಡುತ್ತಿದ್ದರು. ತಾಯಿ ತಲೆಬಾಗಿಲ ಹಿಂದೆ ದೀಪವಿಲ್ಲದೆ ಕೂತಿರುತ್ತಿದ್ದರು. ಸಾರಾಯಿ ಆಗ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತಿತ್ತು. ಬಾಗಿಲ ಸಂದಿಯಿಂದ ಬರುವ ವಾಸನೆಯಲ್ಲೇ ಎಷ್ಟು ಪೊಟ್ಟಣವಾಗಿದೆ, ಯಾವ ಊರಿನ ಅಂಗಡಿಯದ್ದು, ಊಟಕ್ಕೆ ಕೂರಿಸಬಹುದೋ ಜಗಲಿಯಲ್ಲೇ ಚಾಪೆ ಹಾಸಬೇಕೋ ಎಂದು ತಿಳಿಯುತ್ತಿತ್ತು. ಒಳಗೆ ಮಲಗಿದ್ದ ಗಂಡನಿಗೆ ಎಚ್ಚರವಾಗದಂತೆ ಇದೆಲ್ಲ ನಡೆಯಬೇಕು. ಹನ್ನೊಂದು ವರ್ಷ. ತಮ್ಮ 2003ರಲ್ಲಿ ಸತ್ತ, ನಲವತ್ತನಾಲ್ಕಕ್ಕೆ, ಹೊಟ್ಟೆಯಲ್ಲಿ ನೀರು ತುಂಬಿ. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಿಂದ. ಆ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದಾಗ ತಾಯಿ, "ನಾಕು ವರ್ಷ ಮುಂಚೆ ಮಾಡ್ಬಾರ್ದಿತ್ತಾ" ಎಂದದ್ದು ಅವನಿಗೆ ನೆನಪಿದೆ. ಯಾಕೆ ಅಂದರೆಂದು ಆಗ ಪೂರ್ತಿ ಅರ್ಥವಾಗಿರಲಿಲ್ಲ.

"ಒಂದನೇದು ಆದ್ಮೇಲೆ ನಿನ್ ಹತ್ರ ಈ ಬಾರ್ಲಿ, ಸೊಗಡು, ಬಾಳೆಹಣ್ಣು ಎಲ್ಲ ಬರ್ತೈತೆ ಮಗಾ. ಮೂರನೇದು ಆದ್ಮೇಲೆ ನಿಮ್ ಮಾವನ್ ವಾಸ್ನೆ ಬರ್ತೈತೆ, ಅಷ್ಟೇ." ಇಷ್ಟು ಹೇಳಿ ಮಗ್ಗುಲು ಬದಲಿಸಿ ಮಲಗಿದರು.

ಅವನು ಬಹಳ ಹೊತ್ತು ಅಡುಗೆಮನೆಯಲ್ಲೇ ಕೂತಿದ್ದ. ತಾಯಿಯ ಮಾತಿಗೆ ಉತ್ತರಗಳು ಇದ್ದವು. ಅದು ಸಾರಾಯಿ, ಇದು ಬಿಯರು. ಮಾವ ಮರೆಯಲು ಕುಡಿದ, ತಾನು ಗಮನಿಸಲು ಕುಡಿಯುತ್ತೇನೆ. ಮಹಾರಾಷ್ಟ್ರದ ಕಾನೂನಿನಂತೆ ಪರವಾನಗಿ ಚೀಟಿಯೂ ಪರ್ಸಿನಲ್ಲಿದೆ. ಆದರೆ ಗುಣಮಟ್ಟ ಪರೀಕ್ಷೆಯವನು ವಾದಕ್ಕಿಂತ ದಾಖಲೆಯನ್ನು ನಂಬಬೇಕು. ನೋಟುಬುಕ್ಕುಗಳನ್ನು ತೆಗೆದು ಎಣಿಸಿದ. ಗೆಳೆಯರೊಡನೆ ಕೂತ ಮೊದಲ ವರ್ಷ 38 ಬಿಯರು, ಅದೂ ಮೂರು ಪಾಲು. ಅದರ ಮರುವರ್ಷ 121, ಒಬ್ಬನೇ. ಕಳೆದ ವರ್ಷ 203. ಶನಿವಾರದ ನಿಯಮ ಯಾವಾಗಲೋ ಶುಕ್ರವಾರಕ್ಕೂ ಹಬ್ಬಿತ್ತು, ಆಮೇಲೆ ಬುಧವಾರಕ್ಕೂ. ಒಗ್ಗರಣೆಯ ನಿಯಮ ಮಾತ್ರ ಶನಿವಾರಕ್ಕೆ ಇದ್ದುದರಿಂದ ಉಳಿದ ದಿನಗಳು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಇನ್ನೊಂದನ್ನೂ ಗಮನಿಸಿದ. ಒಂದೇ ಸಂಜೆಯ ಮೊದಲ ಬಿಯರಿನ ಟಿಪ್ಪಣಿ ಹನ್ನೆರಡು ಹದಿಮೂರು ಸಾಲು. ಎರಡನೆಯದು ಆರೇಳು. ಮೂರನೆಯದರಲ್ಲಿ ಅಕ್ಷರ ದೊಡ್ಡದಾಗಿ, ಸಾಲು ಕಡಿಮೆಯಾಗಿ, 'ಸೂಪರ್', 'ಚೆನ್ನಾಗಿದೆ', ಅಂಕ ಮಾತ್ರ ಯಾವಾಗಲೂ 40ರ ಮೇಲೆ. ವೈನ್ ರುಚಿ ನೋಡುವವರು ಉಗುಳುತ್ತಾರೆ. ಬಿಯರಿನವರು ಸಾಮಾನ್ಯವಾಗಿ ನುಂಗುತ್ತಾರೆ, ನುಂಗಿದ ಮೇಲೆ ಉಳಿಯುವ ಕಹಿಯನ್ನೂ ನೋಡಬೇಕು ಎಂಬ ಕಾರಣಕ್ಕೆ. ಆ ಕಾರಣವನ್ನು ಅವನು ಎಷ್ಟು ಸಲ ಯಾರಿಗೆಲ್ಲ ಹೇಳಿದ್ದ! 330 ಮಿಲಿಲೀಟರಿನ, ಶೇಕಡಾ 7ರ ಮೂರು ಐಪಿಎಗಳಲ್ಲಿ ಸುಮಾರು 69 ಮಿಲಿಲೀಟರು ಶುದ್ಧ ಆಲ್ಕೋಹಾಲು ಇರುತ್ತದೆ. ಶೇಕಡಾ 42.8ರ ವಿಸ್ಕಿಯ ಲೆಕ್ಕದಲ್ಲಿ 60 ಮಿಲಿಲೀಟರಿನ ಎರಡೂವರೆ ಪೆಗ್ಗಿಗೂ ಹೆಚ್ಚು. ಯಾವ ದೇಶದ ಹಾಪ್ಸೇ ಆಗಲಿ, ಎಷ್ಟೇ ಕುಶಲ ಭಟ್ಟಿಯೇ ಆಗಲಿ, ದೇಹಕ್ಕೆ ಅದು ಆಲ್ಕೋಹಾಲು. ಪಿತ್ತಜನಕಾಂಗ ಅದನ್ನು ಅಸಿಟಾಲ್ಡಿಹೈಡ್ ಆಗಿ ಒಡೆಯುತ್ತದೆ, ಒಂದಿಷ್ಟು ಉಸಿರಿನಲ್ಲಿ ಹೊರಬರುತ್ತದೆ. ತಾಯಿ ಹೇಳಿದ್ದು ಹೋಲಿಕೆಯಲ್ಲ, ವರದಿ.

ಬಿಟ್ಟುಬಿಡಲಿಲ್ಲ. ಬಿಟ್ಟುಬಿಟ್ಟೆನೆಂದು ತಾಯಿಗೆ ಹೇಳುವುದು ಸುಲಭವಿತ್ತು. ಮಾವ ವರ್ಷಕ್ಕೆ ಎರಡು ಸಲ ದೇವರ ಮುಂದೆ ಹಾಗೆ ಹೇಳುತ್ತಿದ್ದನಂತೆ. ಬದಲಿಗೆ ನೋಟುಬುಕ್ಕಿನ ಮೊದಲ ಪುಟದಲ್ಲಿ ನಿಯಮಗಳನ್ನು ಮತ್ತೆ ಬರೆದ. ಶನಿವಾರ ಮಾತ್ರ. ಒಂದು ಬಾಟಲಿ. ಒಬ್ಬನೇ ಇದ್ದರೆ 100 ಮಿಲಿಲೀಟರು, ಉಳಿದದ್ದು ಸಿಂಕಿಗೆ. ಕಾರ್ಖಾನೆಯಿಂದ ತಂದ ಅಳತೆಯ ಗಾಜಿನ ಜಾರು ಮೇಜಿನ ಮೇಲೆ ಬಂತು. ಮೊದಲ ಸಲ ಮುನ್ನೂರು ರೂಪಾಯಿ ಕೊಟ್ಟು ತಂದದ್ದನ್ನು ಸಿಂಕಿಗೆ ಸುರಿಯುವಾಗ ಕೈ ತಡೆಯಿತು. ಅನ್ನದ ಅಗುಳು ಚೆಲ್ಲಿದರೂ ಬೈಯುವ ತಾಯಿ ದಿವಾನದಿಂದ, "ಚೆಲ್ಲು ಚೆಲ್ಲು, ಬಚ್ಚಲಿಗೆ ಏನೂ ಆಗಲ್ಲ" ಎಂದರು. ಹೆಂಡತಿಗೆ ನಗು ತಡೆಯಲಾಗಲಿಲ್ಲ. ವಿಚಿತ್ರವೆಂದರೆ ಟಿಪ್ಪಣಿಗಳು ಉದ್ದವಾದವು. 100 ಮಿಲಿಲೀಟರಿನಲ್ಲಿ ಆರು ಗುಟುಕು. ಒಂದನ್ನೂ ಹಾಗೇ ನುಂಗುವಂತಿಲ್ಲ. ಡಿಸೆಂಬರಿನ ಒಂದು ಶನಿವಾರ ಮಾತ್ರ ನಿಯಮ ಮುರಿಯಿತು. ಅದನ್ನೂ ಬರೆದಿಟ್ಟಿದ್ದಾನೆ, ಕೆಂಪು ಶಾಯಿಯಲ್ಲಿ, ಕಾರ್ಖಾನೆಯಲ್ಲಿ ತಿರಸ್ಕೃತ ಮಾಲಿನ ಲೆಕ್ಕ ಬರೆಯುವಂತೆ.

ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಂಡು ತಾಯಿ ನವೆಂಬರಿನ ಕೊನೆಗೆ ಊರಿಗೆ ಹೋದರು. ಜನವರಿಯಲ್ಲಿ ಊರಿನಿಂದ ಪುಣೆಗೆ ಬರುವವರ ಕೈಯಲ್ಲಿ ಒಂದು ಚೀಲ ಅವರೆಕಾಯಿ ಕಳಿಸಿದರು. ರೈಲಿನಲ್ಲಿ ಒಂದು ರಾತ್ರಿ ಕಳೆದಿದ್ದರೂ ಚೀಲ ಬಿಚ್ಚುತ್ತಲೇ ಮನೆಯೆಲ್ಲ ಘಮ್ಮೆಂದಿತು. ಅಂದು ಶನಿವಾರ. ಅವನು ಚಿಕ್ಕ ಮಗಳನ್ನು ಕರೆದು ಒಂದು ಕಾಯಿ ಕೈಗೆ ಕೊಟ್ಟು ಮೂಸಲು ಹೇಳಿದ. "ಏನಿದು?" ಎಂದು ಕೇಳಿದಳು. ಸೊಗಡು ಎಂದ. ಅವಳು ಸೊಗಡು ಸೊಗಡು ಎನ್ನುತ್ತಾ ಅಕ್ಕನ ಮೂಗಿಗೆ ಹಿಡಿಯಲು ಓಡಿದಳು.

ಏಳು ಗಂಟೆಗೆ ತಾಯಿಯ ಫೋನು ಬಂತು. ಕಾಯಿ ಬಾಡಿದೆಯಾ, ಸೊಗಡು ಉಳಿದಿದೆಯಾ, ಹಿದಕಿದ ಬೇಳೆ ಮಾಡ್ತಾಳಂತಾ ಎಂದೆಲ್ಲ ವಿಚಾರಿಸಿದರು. ಮಕ್ಕಳ ಶಾಲೆ, ಕಣ್ಣಿನ ಡ್ರಾಪ್ಸು, ಕೊಬ್ಬರಿಯ ರೇಟು ಎಲ್ಲ ಆಯಿತು. ಇಡುವ ಮುಂಚೆ ಸ್ವಲ್ಪ ತಡೆದು ಕೇಳಿದರು.

"ಎಷ್ಟನೇದು?"

"ಒಂದೇ. ಅರ್ಧಕ್ಕಿಂತ ಹೆಚ್ಚು ಚೆಲ್ಲಿದೆ."

ಆ ಕಡೆಯಿಂದ ಒಂದು ಕ್ಷಣ ಏನೂ ಕೇಳಲಿಲ್ಲ. ಎಂಟುನೂರು ಕಿಲೋಮೀಟರಿನ ಆಚೆಗೆ ಅವರ ಮೂಗು ಎಟುಕುವುದಿಲ್ಲ. "ಹೂಂ" ಎಂದರು ತಾಯಿ. "ಹೆಂಗಿತ್ತು ವಾಸ್ನೆ, ಅದನ್ನಾದ್ರೂ ಹೇಳು." ಅವನು ನೋಟುಬುಕ್ಕು ತೆಗೆದು, ಕನ್ನಡಕ ಹಾಕಿಕೊಂಡು, ಬರೆದದ್ದನ್ನು ಮೊದಲ ಸಾಲಿನಿಂದ ಓದತೊಡಗಿದ.